ಗಿಟಾರ್ ಕೆತ್ತಲು ರಾಸ್ಪ್ ಮತ್ತು ಅರ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ನೆಕ್ಕನ್ನು, ಅಂದರೆ ನುಡಿಸುವಾಗ ಹಿಡಿಯುವ ಉದ್ದ ಕತ್ತನ್ನು, ಕೈಯಲ್ಲೇ ಕೆತ್ತಬೇಕು ಅಂತ ಹೊರಟವರು ಮೊದಲು ಕೇಳುವುದು, "ಯಾವ ರಾಸ್ಪ್ ಬೇಗ ಮರ ತೆಗೆಯುತ್ತದೆ?" ಅಂತ. ರಾಸ್ಪ್ ಅಂದರೆ ಮರ ತೀಡುವ, ಮೈತುಂಬ ಹಲ್ಲಿರುವ ಉಕ್ಕಿನ ಪಟ್ಟಿ. ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಯಾವ ರಾಸ್ಪ್ ಎಂಥ ಗೀರು ಬಿಟ್ಟು ಹೋಗುತ್ತದೆ ಅಂತ ನೋಡಿ ಆರಿಸಿ. ಮರ ತೆಗೆಯಲು ಒಂದೆರಡು ಗಂಟೆ ಸಾಕು. ಗೀರು ಅಳಿಸಲು ಅದರ ಎರಡರಷ್ಟು ಹೊತ್ತು ಹೋಗುತ್ತದೆ. ಇಷ್ಟು ವರ್ಷ ಮರ ತೀಡಿ ನನಗೆ ಗಟ್ಟಿಯಾಗಿ ಗೊತ್ತಾದದ್ದು ಇದು. ಕೆಳಗಿನ ಉತ್ತರಗಳೂ ಇದರ ಸುತ್ತಲೇ ಇವೆ.

ರಾಸ್ಪ್ ಮತ್ತು ಅರ ಎರಡೂ ಒಂದೇ ಅಲ್ವಾ?

ಅಲ್ಲ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಅರದ ಮೈಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಒಂದೊಂದು ಗೆರೆಯೂ ಒಂದು ಅಂಚು. ಒಂದೇ ದಿಕ್ಕಿನ ಗೆರೆ ಇದ್ದರೆ ಸಿಂಗಲ್ ಕಟ್. ಗೆರೆಗಳು ಒಂದರ ಮೇಲೊಂದು ಅಡ್ಡ ಹಾದಿದ್ದರೆ ಡಬಲ್ ಕಟ್.

ರಾಸ್ಪ್‌ನಲ್ಲಿ ಗೆರೆ ಇಲ್ಲ. ಬಿಡಿ ಬಿಡಿ ಹಲ್ಲುಗಳಿವೆ. ಚೂಪಾದ ಪಂಚಿನಿಂದ ಉಕ್ಕನ್ನು ಚುಚ್ಚಿ ಎಬ್ಬಿಸಿದ ಹಲ್ಲುಗಳು ಅವು. ಪ್ರತಿ ಹಲ್ಲೂ ತನ್ನ ಪಾಡಿಗೆ ಒಂದು ಚೂರು ಮರ ಕಿತ್ತು ತೆಗೆಯುತ್ತದೆ. ಹಾಗಾಗಿ ರಾಸ್ಪ್ ಬೇಗ ಕೆಲಸ ಮಾಡುತ್ತದೆ, ಗೀರನ್ನೂ ಬಿಡುತ್ತದೆ. ಅರ ನಿಧಾನ, ಆದರೆ ಅದು ಬಿಟ್ಟ ಮೈ ನಯ. ಆಕಾರ ತರುವುದು ರಾಸ್ಪ್, ಆ ಆಕಾರವನ್ನು ತಿದ್ದುವುದು ಅರ.

ಮೊದಲ ಗಿಟಾರ್‌ಗೆ ಎಷ್ಟು ಕೊಳ್ಳಬೇಕು?

ಮೂರು ಸಾಕು. ಮಧ್ಯಮ ಹಲ್ಲಿನ, 10 ಇಂಚಿನ ಅರ್ಧ ದುಂಡಿನ ರಾಸ್ಪ್ ಒಂದು. ಅದಕ್ಕಿಂತ ಸಣ್ಣ ಹಲ್ಲಿನದು, 7 ಅಥವಾ 8 ಇಂಚಿನದು ಇನ್ನೊಂದು. ನಯ ಮಾಡಲು ಅರ್ಧ ದುಂಡಿನ ಅರ ಒಂದು. ಜೊತೆಗೆ ಉಕ್ಕಿನ ತೆಳು ಹಾಳೆಯ ಸ್ಕ್ರೇಪರ್ ಇದ್ದರೆ ಮರಳು ಕಾಗದದ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಹನ್ನೆರಡು ತುಂಡಿನ ಸೆಟ್ ನೋಡಿ ಮರುಳಾಗಬೇಡಿ. ಅದರಲ್ಲಿ ಒಂಬತ್ತು ಡಬ್ಬಿಯಲ್ಲೇ ಉಳಿಯುತ್ತವೆ. ಅದೇ ಹಣದಲ್ಲಿ ಒಂದು ಒಳ್ಳೆಯ ರಾಸ್ಪ್ ಬಂದರೆ ಅದನ್ನೇ ತೆಗೆದುಕೊಳ್ಳಿ.

ಅರ್ಧ ದುಂಡಿನದೇ ಯಾಕೆ?

ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಗಿಟಾರ್‌ನಲ್ಲಿ ಬರುವ ಮೈಯೂ ಇವೇ ಎರಡು ಬಗೆ. ಉಬ್ಬಿದ ಮೈಗೆ, ಅಂದರೆ ನೆಕ್ಕಿನ ಬೆನ್ನು, ಬಾಡಿಯ ಅಂಚು ಇವಕ್ಕೆಲ್ಲ ಚಪ್ಪಟೆ ಕಡೆ. ಒಳಗೆ ಬಾಗಿದ ಮೈಗೆ, ಅಂದರೆ ಹೀಲ್‌ನ (ನೆಕ್ಕು ಬಾಡಿಗೆ ಸೇರುವ ಬುಡ) ಬಳಿ, ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಲೆ) ಶುರುವಾಗುವ ಕಡೆ, ಕಟ್‌ಅವೇ (ಕೈ ಆಡಲು ಬಾಡಿಯಲ್ಲಿ ಕತ್ತರಿಸಿದ ಬಾಗು) ಒಳಗೆ, ಇವಕ್ಕೆಲ್ಲ ಉಬ್ಬಿದ ಕಡೆ.

ಒಂದು ವಿಷಯ ಗಮನಿಸಿ. ರಾಸ್ಪ್‌ನ ಉಬ್ಬು ನೀವು ಕೆತ್ತುವ ಬಾಗಿಗಿಂತ ಸ್ವಲ್ಪ ಬಿಗಿಯಾಗಿರಬೇಕು. ಅಗಲವಾದ ರಾಸ್ಪನ್ನು ಕಿರಿದಾದ ಬಾಗಿಗೆ ತುರುಕಿದರೆ ಅದರ ಎರಡೂ ಅಂಚು ಮರದಲ್ಲಿ ಗೆರೆ ಕೊರೆಯುತ್ತವೆ. ಕಟ್‌ಅವೇಯ ಬಾಗು ತುಂಬಾ ಕಿರಿದಾಗಿದ್ದರೆ ದುಂಡು ರಾಸ್ಪ್ ಬೇಕಾಗುತ್ತದೆ. ಆದರೆ ಅದು ಎರಡನೇ ಗಿಟಾರ್‌ಗೆ ಯೋಚಿಸುವ ಮಾತು.

ಕೈಯಿಂದ ಹಲ್ಲು ಎಬ್ಬಿಸಿದ ರಾಸ್ಪ್‌ಗೆ ಅಷ್ಟು ಬೆಲೆ ಕೊಡಬೇಕಾ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ನನ್ನ ಉತ್ತರ: ಒಂದಕ್ಕೆ ಮಾತ್ರ ಕೊಡಿ, ಆ ಒಂದಕ್ಕೆ ಖಂಡಿತ ಕೊಡಿ.

ಕಾರಣ ಹಲ್ಲುಗಳ ಜೋಡಣೆಯಲ್ಲಿದೆ. ಸಾಮಾನ್ಯ ಯಂತ್ರದ ರಾಸ್ಪ್‌ನಲ್ಲಿ ಹಲ್ಲುಗಳು ಅಚ್ಚುಕಟ್ಟಾಗಿ ಸಾಲಾಗಿ ನಿಂತಿರುತ್ತವೆ. ನೋಡಲು ಚೆಂದ. ಆದರೆ ಮುಂದಿನ ಹಲ್ಲು ಹೋದ ದಾರಿಯಲ್ಲೇ ಹಿಂದಿನ ಹಲ್ಲೂ ಹೋಗುತ್ತದೆ. ಒಂದೇ ಗೀರು ಆಳವಾಗುತ್ತಾ ಹೋಗುತ್ತದೆ. ರಾಸ್ಪ್ ಕೈಯಲ್ಲಿ ಗಡಗಡ ಅದುರುತ್ತದೆ.

ಕೈಯಿಂದ ಮಾಡುವಾಗ ಹಾಗಲ್ಲ. ಇನ್ನೂ ಗಟ್ಟಿ ಮಾಡಿರದ ಮೆತ್ತನೆಯ ಉಕ್ಕಿನ ಪಟ್ಟಿಯ ಮೇಲೆ ಕೆಲಸಗಾರ ಪಂಚ್ ಇಟ್ಟು, ಸುತ್ತಿಗೆಯಿಂದ ಒಂದೊಂದೇ ಹಲ್ಲು ಎಬ್ಬಿಸುತ್ತಾನೆ. ಕೈಯಲ್ಲವೇ, ಒಂದು ಕೂದಲೆಳೆ ಆಚೆ ಈಚೆ ಆಗಿಯೇ ಆಗುತ್ತದೆ. ಆ ಚೂರು ಏರುಪೇರೇ ಇದರ ಗುಣ. ಒಂದು ಹಲ್ಲು ಬಿಟ್ಟ ದಿಣ್ಣೆಯನ್ನು ಹಿಂದೆ ಬರುವ ಹಲ್ಲು ತೆಗೆಯುತ್ತದೆ. ಹಲ್ಲೆಲ್ಲ ಎದ್ದ ಮೇಲೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಫ್ರಾನ್ಸಿನ ಓರಿಯು ಮತ್ತು ಲಿಯೋಜಿಯೆ ಕಂಪನಿಗಳು ಈ ಕೆಲಸಕ್ಕೆ ಹೆಸರಾದವು. ಹಲ್ಲು ತುದಿಯವರೆಗೂ ಇರುವುದರಿಂದ ಹೀಲ್‌ನ ಸಂದಿಯಲ್ಲೂ ಇವು ಕೆಲಸ ಮಾಡುತ್ತವೆ.

ಯಂತ್ರದಲ್ಲೇ ಮಾಡಿ, ಹಲ್ಲಿನ ಸಾಲನ್ನು ಬೇಕಂತಲೇ ಏರುಪೇರು ಮಾಡಿದ ರಾಸ್ಪ್‌ಗಳೂ ಇವೆ. ಅಮೆರಿಕದ ನಿಕೋಲ್ಸನ್ ಕಂಪನಿಯ 49 ಮತ್ತು 50 ನಂಬರಿನವು ಹೀಗೆ ಹೆಸರು ಮಾಡಿದವು. 49 ಒರಟು, 50 ಅದಕ್ಕಿಂತ ನಯ. ಬಹಳ ಜನ ಗಿಟಾರ್ ಕಟ್ಟುವವರು ಇವೆರಡರಲ್ಲೇ ಕೆಲಸ ಕಲಿತರು.

ಹಾಗಾದರೆ ಆ ಒಂದು ಯಾವುದು? ಸಣ್ಣ ಹಲ್ಲಿನದು. ಒರಟು ಕೆಲಸಕ್ಕೆ ಯಾವ ರಾಸ್ಪ್ ಆದರೂ ನಡೆಯುತ್ತದೆ. ಕೊನೆಯಲ್ಲಿ ಮರ ಮುಟ್ಟುವ ರಾಸ್ಪ್ ಒಳ್ಳೆಯದಿರಲಿ. ಅದು ಬಿಟ್ಟ ಗೀರನ್ನೇ ಅಲ್ವಾ ನೀವು ಅಳಿಸಬೇಕಾದ್ದು.

ರಾಸ್ಪ್ ಮೇಲಿನ 9, 13 ಅನ್ನುವ ಸಂಖ್ಯೆ ಏನು? ಅರದ ಮೇಲೆ ಬಾಸ್ಟರ್ಡ್ ಅಂತ ಯಾಕಿದೆ?

ಕೈಯಿಂದ ಮಾಡಿದ ಫ್ರೆಂಚ್ ರಾಸ್ಪ್‌ಗಳಲ್ಲಿ ಸಂಖ್ಯೆ ಏರಿದಷ್ಟೂ ಹಲ್ಲು ಸಣ್ಣದು. 1 ಅತಿ ಒರಟು, 15 ಅತಿ ನಯ. ನೆಕ್ಕಿಗೆ 9 ಮತ್ತು 13 ಒಳ್ಳೆಯ ಜೋಡಿ. 9 ಆಕಾರ ತರುತ್ತದೆ, 13 ಅದನ್ನು ಮುಗಿಸುತ್ತದೆ.

ಅರಗಳಿಗೆ ಹೆಸರಿನ ಲೆಕ್ಕ. ಬಾಸ್ಟರ್ಡ್ ಒರಟು, ಸೆಕೆಂಡ್ ಕಟ್ ಮಧ್ಯಮ, ಸ್ಮೂತ್ ನಯ. ಇಲ್ಲಿ ಬಹಳ ಜನ ಎಡವುತ್ತಾರೆ. ಹೆಸರು ಒಂದೇ ಇದ್ದರೂ ಉದ್ದ ಹೆಚ್ಚಾದಂತೆ ಹಲ್ಲೂ ಒರಟಾಗುತ್ತದೆ. 12 ಇಂಚಿನ ಬಾಸ್ಟರ್ಡ್ ಅರ, 6 ಇಂಚಿನ ಬಾಸ್ಟರ್ಡ್‌ಗಿಂತ ಎಷ್ಟೋ ಒರಟು. ಹೆಸರು, ಉದ್ದ ಎರಡನ್ನೂ ನೋಡಿ ಕೊಳ್ಳಿ.

ನಾನು ಎಡಗೈಯವನು. ನನಗೆ ಬೇರೆ ರಾಸ್ಪ್ ಬೇಕಾ?

ಯಂತ್ರದಲ್ಲಿ ಮಾಡಿದ್ದಾದರೆ ಬೇಡ. ಕೈಯಿಂದ ಮಾಡಿದ್ದರಲ್ಲಿ ಎಡಗೈಗೆ, ಬಲಗೈಗೆ ಬೇರೆ ಬೇರೆ ಸಿಗುತ್ತವೆ. ರಾಸ್ಪನ್ನು ಯಾರೂ ನೇರ ತಳ್ಳುವುದಿಲ್ಲ, ಸ್ವಲ್ಪ ಓರೆಯಾಗಿ ತಳ್ಳುತ್ತೇವೆ. ಆ ಓರೆಗೆ ತಕ್ಕಂತೆ ಹಲ್ಲಿನ ಮುಖವನ್ನೂ ತಿರುಗಿಸಿರುತ್ತಾರೆ. ತಪ್ಪು ಕೈಯದು ಬಂದರೂ ಕೆಲಸವೇನೂ ನಿಲ್ಲುವುದಿಲ್ಲ. ಆದರೆ ಅಷ್ಟು ಹಣ ಕೊಡುವಾಗ ಕೇಳಿಯೇ ತರಿಸಿ.

ಶಿಂಟೋ, ಇವಾಸಕಿ, ಸರ್‌ಫಾರ್ಮ್ ಇವೆಲ್ಲ ಹೇಗೆ?

ಶಿಂಟೋ ಜಪಾನಿನದು. ಹ್ಯಾಕ್ಸಾ ಬ್ಲೇಡ್‌ಗಳಂಥ ಪಟ್ಟಿಗಳನ್ನು ಜಾಲರಿಯ ಹಾಗೆ ಬಾಗಿಸಿ ರಿವೆಟ್ ಹೊಡೆದು ಕೂಡಿಸಿರುತ್ತಾರೆ. ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ನಡುವೆ ಖಾಲಿ ಜಾಗ ಇರುವುದರಿಂದ ಪುಡಿ ಕಟ್ಟಿಕೊಳ್ಳುವುದಿಲ್ಲ. ಮೊದಲ ಒರಟು ಕೆಲಸಕ್ಕೆ ಇದಕ್ಕಿಂತ ಲಾಭದ ಸಾಮಾನು ನಾನು ನೋಡಿಲ್ಲ. ಆದರೆ ಇದು ಬರೀ ಚಪ್ಪಟೆ. ಒಳಬಾಗಿಗೆ ಆಗಿಬರುವುದಿಲ್ಲ.

ಇವಾಸಕಿಯೂ ಜಪಾನಿನದೇ, ಹೆಸರಿಗೆ ಅರ. ಅದರ ಒಂದೊಂದು ಹಲ್ಲೂ ಪುಟ್ಟ ಹತ್ತರಿಯ (ಮರ ಹೆರೆಯುವ ಉಪಕರಣ) ಅಲಗಿನ ಹಾಗೆ ಕೆಲಸ ಮಾಡುತ್ತದೆ. ಪುಡಿಯ ಬದಲು ಸುರುಳಿ ಸುರುಳಿ ಸಿಪ್ಪೆ ಉದುರುತ್ತದೆ. ಬಿಟ್ಟ ಮೈ ನೋಡಿದರೆ ಅರ ಆಡಿಸಿದ್ದು ಅಂತ ನಂಬುವುದು ಕಷ್ಟ. ಮಹಾಗನಿ ನೆಕ್ಕಿನ ಮೇಲೆ ಇದನ್ನು ಆಡಿಸುವಾಗ ಸರ್ ಅಂತ ಬರುವ ಸದ್ದು ನನಗೆ ಬಹಳ ಇಷ್ಟ. ಆದರೆ ಮರದ ಎಳೆಗೆ ಎದುರಾಗಿ ಹೋದರೆ ಹತ್ತರಿಯ ಹಾಗೇ ಇದೂ ಎಳೆ ಕೀಳುತ್ತದೆ.

ಸರ್‌ಫಾರ್ಮ್ ಅಂದರೆ ತೂತು ತೂತಾದ ತೆಳು ಹಾಳೆಗೆ ಹಿಡಿ ಹಾಕಿದ್ದು. ಅಡುಗೆಮನೆಯ ತುರಿಮಣೆಯ ಸಂಬಂಧಿ ಅಂದುಕೊಳ್ಳಿ. ಬಾಡಿಯ ಮೂಲೆ ಮುರಿಯಲು ಪರವಾಗಿಲ್ಲ. ನೆಕ್ಕಿಗೆ ನಾನು ಬಳಸುವುದಿಲ್ಲ. ಅಂದಹಾಗೆ, ನಿಂಬೆ ಸಿಪ್ಪೆ ತುರಿಯುವ ಮೈಕ್ರೋಪ್ಲೇನ್ ಶುರುವಾದದ್ದು ಮರಗೆಲಸದ ಸಾಮಾನಾಗಿ. ಆಮೇಲೆ ಅಡುಗೆಮನೆ ಸೇರಿತು.

ನೆಕ್ ಕೆತ್ತುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ದುಂಡಗೆ ಮಾಡಲು ನೇರವಾಗಿ ಹೊರಡಬೇಡಿ. ಮೊದಲು ಮುಖಗಳನ್ನು, ಅಂದರೆ ಉದ್ದಕ್ಕೂ ಚಪ್ಪಟೆ ಮೈಗಳನ್ನು ಮಾಡಿ, ಆಮೇಲೆ ದುಂಡು ತಾನಾಗಿ ಬರುತ್ತದೆ.

ದಪ್ಪ ಕಾಗದದ ಮೇಲೆ ನೆಕ್ಕಿನ ಅಡ್ಡಕೊಯ್ತವನ್ನು ನಿಜ ಅಳತೆಯಲ್ಲಿ ಬರೆಯಿರಿ. ಒಂದು 1ನೇ ಫ್ರೆಟ್‌ನದು (ನೆಕ್ಕಿಗೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಯೇ ಫ್ರೆಟ್), ಇನ್ನೊಂದು 12ನೇ ಫ್ರೆಟ್‌ನದು. ಅಕೂಸ್ಟಿಕ್ ಆದರೆ 12ರ ಹತ್ತಿರ ಹೀಲ್ ಶುರುವಾಗಿಬಿಡುತ್ತದೆ, ಅದಕ್ಕೆ 9 ಅಥವಾ 10ನೇ ಫ್ರೆಟ್ ತೆಗೆದುಕೊಳ್ಳಿ. ಈಗ ಆ ಚಿತ್ರದ ಹೊರಗೆ, ಬಾಗನ್ನು ಮುಟ್ಟುವ ಹಾಗೆ 45 ಡಿಗ್ರಿಯ ಗೆರೆ ಎಳೆಯಿರಿ. ಆ ಗೆರೆ ನೆಕ್ಕಿನ ಬದಿಯನ್ನೂ ಬೆನ್ನನ್ನೂ ಎಲ್ಲಿ ಸಂಧಿಸುತ್ತದೋ ಆ ಅಳತೆಯನ್ನು ಮರದ ಮೇಲೆ ಗುರುತು ಮಾಡಿ. 1ರ ಗುರುತಿನಿಂದ 12ರ ಗುರುತಿಗೆ ಪೆನ್ಸಿಲ್ ಗೆರೆ ಎಳೆದರೆ ಕೆಲಸದ ನಕ್ಷೆ ಸಿಕ್ಕಿತು.

ಮೊದಲು ಬರೀ ಆ ಎರಡು ಜಾಗದಲ್ಲಿ ಒರಟು ರಾಸ್ಪ್‌ನಿಂದ ಗೆರೆಯವರೆಗೆ ಇಳಿಸಿ. ನೆಕ್ಕಿನ ಮೇಲೆ ಎರಡು ಪುಟ್ಟ ಕಣಿವೆ ಆದ ಹಾಗಿರುತ್ತದೆ. ಕಾಗದದ ಅಚ್ಚು ಇಟ್ಟು ನೋಡಿ. ಸರಿ ಕೂತ ಮೇಲೆ ನಡುವಿನ ದಿಣ್ಣೆಯನ್ನು ಉದ್ದುದ್ದ ಏಟಿನಲ್ಲಿ ತೆಗೆಯಿರಿ. ಈಗ ಉದ್ದಕ್ಕೂ 45 ಡಿಗ್ರಿಯ ಒಂದು ಮುಖ ಆಯಿತು. ಆಚೆ ಬದಿಗೂ ಇನ್ನೊಂದು. ಎರಡೂ ಮುಖ ಒಂದೇ ಅಗಲ ಇವೆಯಾ ನೋಡಿ. ಒಂದು ಅಗಲ, ಒಂದು ಕಿರಿದು ಇದ್ದರೆ ನೆಕ್ಕು ಒಂದು ಕಡೆ ವಾಲಿದೆ ಅಂತಲೇ ಅರ್ಥ. ಕಣ್ಣಿಗೆ ಇಷ್ಟು ಸುಲಭವಾಗಿ ತಪ್ಪು ಸಿಗುತ್ತದೆ ಅಂತಲೇ ಮುಖ ಮಾಡುವುದು. ನೇರ ದುಂಡು ಮಾಡಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆಮೇಲೆ ಮುಖಗಳ ನಡುವಿನ ಏಣುಗಳನ್ನು ಮುರಿದು ಇನ್ನಷ್ಟು ಕಿರಿದಾದ ಮುಖಗಳು. ಇಲ್ಲಿಂದ ಸಣ್ಣ ಹಲ್ಲಿನ ರಾಸ್ಪ್. ಇಡೀ ಬೆನ್ನಿಗೆ ಪೆನ್ಸಿಲ್‌ನಿಂದ ಸುಮ್ನೆ ಗೀಚಿ. ಗೀಚಿದ್ದೆಲ್ಲ ಹೋಗುವಷ್ಟು ಮಾತ್ರ ತೀಡಿ. ಮತ್ತೆ ಗೀಚಿ, ಮತ್ತೆ ತೀಡಿ. ಪೆನ್ಸಿಲ್ ಉಳಿದ ಕಡೆ ಹಳ್ಳ, ಹೋದ ಕಡೆ ದಿಣ್ಣೆ. ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ ಇಟ್ಟು, ಆಚೆಯಿಂದ ಬೆಳಕು ಬಿಟ್ಟು ನೋಡಿದರೆ ಉಳಿದ ತಪ್ಪೂ ಕಾಣುತ್ತದೆ.

ಕೊನೆಯಲ್ಲಿ ಸ್ಕ್ರೇಪರ್. ಆಮೇಲೆ ಮರಳು ಕಾಗದದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬೂಟು ಪಾಲಿಶ್ ಮಾಡುವ ಹಾಗೆ ಆಚೆ ಈಚೆ ಎಳೆಯಿರಿ. 120 ನಂಬರಿನ ಕಾಗದದಿಂದ ಶುರು ಮಾಡಿ 180, 240, 320. ಎಲ್ಲ ಆದ ಮೇಲೆ ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದು, ನುಡಿಸುವಾಗಿನ ಹಾಗೆ ಮೇಲೆ ಕೆಳಗೆ ಜಾರಿಸಿ. ಕಣ್ಣಿಗೆ ಕಾಣದ ಉಬ್ಬು ಹೆಬ್ಬೆರಳಿಗೆ ಸಿಗುತ್ತದೆ.

ಎಷ್ಟು ತೆಳ್ಳಗೆ ಮಾಡಬಹುದು?

ರಾಸ್ಪ್ ಹಿಡಿಯುವ ಮುಂಚೆಯೇ ಈ ಲೆಕ್ಕ ಮಾಡಿ. ಫ್ರೆಟ್‌ಬೋರ್ಡ್ (ಫ್ರೆಟ್ ಕೂರುವ ಹಲಗೆ) ಸೇರಿಸಿ 1ನೇ ಫ್ರೆಟ್‌ನ ಬಳಿ 20ರಿಂದ 22 ಮಿ.ಮೀ., 12ನೇ ಫ್ರೆಟ್‌ನ ಬಳಿ 22ರಿಂದ 24 ಮಿ.ಮೀ. ದಪ್ಪ ಅನ್ನುವುದು ಸಾಮಾನ್ಯ ಅಳತೆ.

20 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದರಲ್ಲಿ ಫ್ರೆಟ್‌ಬೋರ್ಡ್ 6 ಮಿ.ಮೀ. ಹೋಯಿತು. ಉಳಿದದ್ದು 14. ಟ್ರಸ್ ರಾಡ್, ಅಂದರೆ ನೆಕ್ಕು ಬಾಗದಂತೆ ಒಳಗಿಡುವ ಸರಳು, ಕೂರಿಸಲು 10 ಮಿ.ಮೀ. ಆಳದ ಕಾಲುವೆ ತೋಡಿದ್ದರೆ ಅದರ ಕೆಳಗೆ ಉಳಿಯುವ ಮರ ಬರೀ 4 ಮಿ.ಮೀ.! ಇನ್ನೂ ಸ್ವಲ್ಪ ತೆಳ್ಳಗಿರಲಿ ಅಂತ 1 ಮಿ.ಮೀ. ತೀಡಿದರೆ 3. ಒರಟು ರಾಸ್ಪ್‌ನ ಗೀರು ಅದರಲ್ಲೂ ಒಂದಿಷ್ಟು ತಿನ್ನುತ್ತದೆ. ಅದಕ್ಕೇ ಒರಟು ರಾಸ್ಪನ್ನು ಬೇಕಾದ ಅಳತೆಗೆ 1 ಮಿ.ಮೀ. ಮುಂಚೆಯೇ ಕೆಳಗಿಡಬೇಕು. ದಪ್ಪ ಅಳೆಯುವ ಕ್ಯಾಲಿಪರ್ ಪಕ್ಕದಲ್ಲೇ ಇರಲಿ, ಹತ್ತು ಏಟಿಗೊಮ್ಮೆ ಅಳೆಯಿರಿ.

ನನ್ನ ಮೊದಲ ನೆಕ್ಕಿನಲ್ಲಿ ಹೆಡ್‌ಸ್ಟಾಕ್‌ನ ಕೆಳಗಿನ ಬಾಗಿಗೆ ಒರಟು ರಾಸ್ಪನ್ನೇ ಕೊನೆಯವರೆಗೂ ಆಡಿಸಿದ್ದೆ. ಮರಳು ಕಾಗದ ಉಜ್ಜಿದ ಮೇಲೆ ಎಲ್ಲ ಸರಿ ಇದೆ ಅಂತಲೇ ಅನ್ನಿಸಿತ್ತು. ಎಣ್ಣೆ ಹಚ್ಚಿದ ಕೂಡಲೇ ಏಳೆಂಟು ಕಪ್ಪು ಗೀರು ಎದ್ದು ಕಂಡವು. ಅವನ್ನು ತೆಗೆಯಲು ಹೋಗಿ ಅಲ್ಲಿ ಮರ ತೆಳುವಾಯಿತು. ನೆಕ್ಕಿನ ಅತಿ ದುರ್ಬಲ ಜಾಗ ಅದು. ಆ ನೆಕ್ಕನ್ನು ಬಿಟ್ಟು ಹೊಸದು ಮಾಡಬೇಕಾಯಿತು. ಅವತ್ತಿನಿಂದ ಮೇಜಿನ ಮಟ್ಟಕ್ಕೆ ಒಂದು ದೀಪ ಇಟ್ಟುಕೊಂಡಿದ್ದೇನೆ. ಬೆಳಕು ಪಕ್ಕದಿಂದ ಬಿದ್ದರೆ ಪ್ರತಿ ಗೀರಿಗೂ ನೆರಳು ಬರುತ್ತದೆ. ಎಣ್ಣೆ ತೋರಿಸುವುದನ್ನು ದೀಪ ಮೊದಲೇ ತೋರಿಸುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಬಾಡಿಯ ಇಳಿಜಾರುಗಳಿಗೆ?

1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಮುಂಗೈ ಊರುವ ಕಡೆ ಒಂದು ಇಳಿಜಾರು, ಹಿಂದೆ ಪಕ್ಕೆಗೆ ತಾಗುವ ಕಡೆ ಒಂದು ತಗ್ಗು ಬಂತು. ಮುಂಗೈಯದು ಚಪ್ಪಟೆ ಇಳಿಜಾರು. ಮೇಲಿನ ಮೈ ಮೇಲೆ ಒಂದು ಗೆರೆ, ಬದಿಯಲ್ಲಿ ಒಂದು ಗೆರೆ ಎಳೆದು ನಡುವಿನ ಮರ ತೆಗೆದರೆ ಆಯಿತು. ಇದಕ್ಕೆ ಶಿಂಟೋ ಅಥವಾ ಒರಟು ರಾಸ್ಪ್‌ನ ಚಪ್ಪಟೆ ಕಡೆ. ಹಿಂದಿನದು ಒಳಗೆ ಬಾಗಿದ ತಗ್ಗು, ಅಲ್ಲಿ ಉಬ್ಬಿದ ಕಡೆಯೇ ಬೇಕು. ತೆಗೆಯುವ ಮರ ಜಾಸ್ತಿ ಇದ್ದರೆ ಮೊದಲು ಗರಗಸದಿಂದ ಅಲ್ಲಲ್ಲಿ ಅಡ್ಡ ಸೀಳಿ, ಉಳಿಯಿಂದ ಎಬ್ಬಿಸಿ, ಆಮೇಲೆ ರಾಸ್ಪ್ ಹಿಡಿಯಿರಿ.

ಅಂಚಿನಲ್ಲಿ ಮರ ಸಿಬಿರು ಏಳುತ್ತದೆ. ಏನು ಮಾಡಲಿ?

ರಾಸ್ಪ್ ಅಂಚು ದಾಟಿ ಹೊರಗೆ ಹೋಗುವ ಹಾಗೆ ತಳ್ಳುತ್ತಿದ್ದೀರಿ. ಅಂಚಿನಿಂದ ಒಳಕ್ಕೆ ತಳ್ಳಿ. ಎಳೆ ಯಾವ ಕಡೆ ಇಳಿಯುತ್ತದೋ ಆ ಕಡೆಗೇ ಹೋಗಿ, ಬೆಟ್ಟ ಇಳಿದ ಹಾಗೆ. ಒತ್ತುವುದನ್ನೂ ಕಡಿಮೆ ಮಾಡಿ. ಮುಂದೆ ತಳ್ಳುವಾಗ ಮಾತ್ರ ಹಲ್ಲು ಕಡಿಯುತ್ತದೆ. ಹಿಂದೆ ತರುವಾಗ ರಾಸ್ಪನ್ನು ಎತ್ತಿ ತನ್ನಿ. ಎಳೆದುಕೊಂಡು ಬಂದರೆ ಹಲ್ಲು ಮೊಂಡಾಗುತ್ತದೆ.

ಯಾವ ಮರಕ್ಕೆ ಯಾವುದು?

ಮಹಾಗನಿ, ಸೀಡರ್ ಮೆತ್ತಗೆ. ಒರಟು ರಾಸ್ಪ್ ಇಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಬೇಗ ಇಳಿಯುತ್ತದೆ, ಹುಷಾರು. ಮೇಪಲ್ ಗಟ್ಟಿ. ಹಲ್ಲು ಚೂಪಿಲ್ಲದ ರಾಸ್ಪ್ ಅದರ ಮೇಲೆ ಜಾರುತ್ತದೆ. ಅಲೆ ಅಲೆ ಎಳೆಯ ಮೇಪಲ್‌ನಲ್ಲಿ ಹತ್ತರಿ ಎಳೆಯನ್ನು ಕಿತ್ತು ಹಾಕುತ್ತದೆ. ಅಲ್ಲಿ ಸಣ್ಣ ಹಲ್ಲಿನ ರಾಸ್ಪೇ ನಂಬಿಕೆಯ ಬಂಟ. ಬೀಟೆ, ಕರಿಮರಗಳಿಗೆ ರಾಸ್ಪ್‌ಗಿಂತ ಅರವೇ ಒಳ್ಳೆಯದು.

ಇದೇ ಅರದಿಂದ ಫ್ರೆಟ್, ನಟ್ ಕೂಡ ತೀಡಬಹುದಾ?

ದಯವಿಟ್ಟು ಬೇಡ. ಲೋಹ ಮುಟ್ಟಿದ ಅರ ಮರಕ್ಕೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಹಲ್ಲು ಮೊಂಡಾಗುತ್ತದೆ, ಲೋಹದ ಪುಡಿ ಹಲ್ಲಲ್ಲಿ ಉಳಿದು ಮರಕ್ಕೆ ಕಲೆ ಮಾಡುತ್ತದೆ. ಫ್ರೆಟ್‌ಗೆ ಬೇರೆ ಅರ ಇಡಿ. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚುಗಳಿಗಂತೂ ತಂತಿಯ ದಪ್ಪಕ್ಕೆ ತಕ್ಕ ಅರಗಳೇ ಇವೆ. 10-46 ಅನ್ನುವ ತಂತಿ ಸೆಟ್ ಹಾಕುವುದಾದರೆ ತೆಳು ತಂತಿ 0.010 ಇಂಚು, ದಪ್ಪ ತಂತಿ 0.046 ಇಂಚು. ಕಚ್ಚು ತಂತಿಗಿಂತ ಕೂದಲಷ್ಟು ಅಗಲ ಇರಬೇಕು, ಇಲ್ಲದಿದ್ದರೆ ಶ್ರುತಿ ಮಾಡುವಾಗ ತಂತಿ ಸಿಕ್ಕಿಕೊಳ್ಳುತ್ತದೆ.

ಹಲ್ಲಲ್ಲಿ ಪುಡಿ ಕಟ್ಟಿಕೊಂಡರೆ?

ರಾಸ್ಪ್‌ಗೆ ಗಡುಸಾದ ನೈಲಾನ್ ಬ್ರಷ್ ಸಾಕು. ಉಕ್ಕಿನ ತಂತಿಯ ಬ್ರಷ್ ಹಾಕಿದರೆ ಚೂಪು ಹೋಗುತ್ತದೆ. ಅರಕ್ಕೆ ಅದರದೇ ಗಿಡ್ಡ ತಂತಿಯ ಬ್ರಷ್ ಸಿಗುತ್ತದೆ, ಗೆರೆಯ ಉದ್ದಕ್ಕೆ ಎಳೆಯಿರಿ. ಕೆಲಸಕ್ಕೆ ಮುಂಚೆ ಅರಕ್ಕೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಅಷ್ಟಾಗಿ ಅಂಟುವುದಿಲ್ಲ. ಇಡುವಾಗ ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತಿ. ಡ್ರಾಯರ್‌ನಲ್ಲಿ ರಾಶಿ ಹಾಕಿದರೆ ಉಕ್ಕು ಉಕ್ಕಿಗೆ ಉಜ್ಜಿ, ಬಳಸದೆಯೇ ಮೊಂಡಾಗುತ್ತವೆ. ತೇವ ಇರುವ ಕಡೆಯಂತೂ ಇಡಲೇಬೇಡಿ.

ಹಿಡಿ ಹಾಕದೆ ಬಳಸಬಹುದಾ?

ಬೇಡ. ಹಿಡಿ ಕೂರಿಸುವ ಬಾಲದ ಚೂಪು ತುದಿ ಅಂಗೈಗೆ ಹೊಕ್ಕುತ್ತದೆ. ಹಿಡಿ ಹಾಕಿಯೇ ಕೆಲಸ ಶುರು ಮಾಡಿ.

ಮಾಸ್ಕ್ ಬೇಕೇ ಬೇಕಾ?

ರಾಸ್ಪ್‌ನ ಪುಡಿ ದಪ್ಪ, ಬೇಗ ನೆಲಕ್ಕೆ ಬೀಳುತ್ತದೆ. ಅರ ಮತ್ತು ಮರಳು ಕಾಗದದ ಪುಡಿ ಗಾಳಿಯಲ್ಲೇ ತೇಲುತ್ತದೆ. ಬೀಟೆಯ ಪುಡಿ ಕೆಲವರಿಗೆ ಅಲರ್ಜಿ ಮಾಡುತ್ತದೆ. ಚರ್ಮ ಕೆರೆಯುತ್ತದೆ, ಮೂಗು ಕಟ್ಟುತ್ತದೆ. ಮಾಸ್ಕ್ ಹಾಕಿ. ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೆಯ ರಾಸ್ಪ್ ಸಿಕ್ಕಿದೆ. ಚೂಪಿದೆಯಾ ಅಂತ ಹೇಗೆ ತಿಳಿಯುವುದು?

ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಲ್ಲಿನ ತುದಿಗಳಲ್ಲಿ ಬಿಳಿ ಚುಕ್ಕಿ ಮಿನುಗಿದರೆ ಅವು ಸವೆದು ಚಪ್ಪಟೆಯಾಗಿವೆ. ಚೂಪಾದ ತುದಿ ಬೆಳಕನ್ನು ಹಿಂದಕ್ಕೆ ಎಸೆಯುವುದಿಲ್ಲ. ಆಮೇಲೆ ಅಂಗೈಯನ್ನು ಮೆಲ್ಲಗೆ ಇಟ್ಟು, ಒತ್ತದೆ ಸ್ವಲ್ಪವೇ ಸರಿಸಿ. ಚೂಪು ಹಲ್ಲು ಚರ್ಮವನ್ನು ಹಿಡಿದುಕೊಳ್ಳುತ್ತದೆ, ಮೊಂಡು ಹಲ್ಲು ಜಾರುತ್ತದೆ. ಹಿಡಿಯ ಹತ್ತಿರದ ಹಲ್ಲುಗಳನ್ನೂ ನೋಡಿ. ಎಲ್ಲರೂ ನಡುಭಾಗವನ್ನೇ ಹೆಚ್ಚು ಬಳಸುವುದರಿಂದ ಹಿಡಿಯ ಬಳಿಯ ಹಲ್ಲು ಹೊಸದರಂತೆಯೇ ಉಳಿದಿರಬಹುದು. ಕೊನೆಗೆ ಒಂದು ಮೇಪಲ್ ತುಂಡಿನ ಮೇಲೆ ಐದು ಏಟು ತಳ್ಳಿ. ಗಟ್ಟಿ ಮರ ಕಡಿದರೆ ತೆಗೆದುಕೊಳ್ಳಿ. ಮೇಲಿಂದ ಒತ್ತಿದರೆ ಮಾತ್ರ ಕಡಿಯುತ್ತದೆ ಅನ್ನಿಸಿದರೆ ಅಲ್ಲೇ ಬಿಟ್ಟು ಬನ್ನಿ.